ಬನಹಟ್ಟಿಗೆ ಹೋದ ನನ್ನ ನಾಲ್ಕು ಮಶೀನು

ನಾನು ಏಳನೇ ಇಯತ್ತೆ ನಪಾಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಓದಿದವರು ಈ ವಿಷಯವನ್ನು ಬೇರೆ ಥರ ಬರೆಯಬಹುದು. ನಾನು ನೋಡಿದ್ದನ್ನು ನೋಡಿದ ಹಾಗೆ ಬರೆಯುತ್ತೇನೆ.

ಬೀಳಗಿ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಜನರೇಟರ್ ನೋಡಿಕೊಳ್ಳಲು ಸೇರಿದವನು. ಆಫೀಸಿನ ಹಿಂದೆ ಒಂದು ಖೋಲಿ ಇತ್ತು. ಕಿಟಕಿ ಇಲ್ಲ. ಎರಡು ಏಸಿ, ಬ್ಯಾಟರಿಗಳ ಒಂದು ಸಾಲು, ನಡುವೆ ಕಬ್ಬಿಣದ ಕಪಾಟು. ಕಪಾಟಿನಲ್ಲಿ ಸರ್ವರ್ ಎಂಬ ಚಪ್ಪಟೆ ಡಬ್ಬಿ. ಕಬ್ಬಿನ ಟ್ರ್ಯಾಕ್ಟರ್ ಕಾಟಾ ಮೇಲೆ ಬಂದು ನಿಂತರೆ ಅದರ ತೂಕ, ರೈತನ ಹೆಸರು, ಯಾರ ಹೊಲದ ಕಟಾವಿನ ಪಾಳಿ ಯಾವತ್ತು ಎಂಬುದು, ಎಲ್ಲವೂ ಆ ಡಬ್ಬಿಯೊಳಗೆ ಹೋಗುತ್ತಿತ್ತು. ಅಲ್ಲಿಂದಲೇ ಚೀಟಿ ಬರುತ್ತಿತ್ತು. ಚೀಟಿ ಬರದಿದ್ದರೆ ಗಾಡಿ ಒಳಗೆ ಹೋಗುವಂತಿಲ್ಲ.

ಆ ಖೋಲಿಯ ಕೀಲಿ ನನ್ನ ಸೊಂಟದ ದಾರದಲ್ಲಿ ಇರುತ್ತಿತ್ತು. ಏಸಿಯ ಜಾಳಿಗೆ ತೊಳೆಯುವುದು, ಇಲಿ ಬಾರದ ಹಾಗೆ ಸಂದು ಮುಚ್ಚುವುದು, ಕರೆಂಟ್ ಹೋದರೆ ಜನರೇಟರ್ ಹಚ್ಚುವುದು, ಇಷ್ಟು ನನ್ನ ಕೆಲಸ. ಆದರೆ ಬರಬರುತ್ತ ಫ್ಯಾನಿನ ಸಪ್ಪಳ ಕೇಳಿಯೇ ಡಬ್ಬಿಗೆ ಏನಾಗಿದೆ ಎಂದು ಹೇಳುವಷ್ಟು ಕಲಿತೆ. ಯಾವ ಗುಂಡಿ ಮೊದಲು, ಯಾವುದು ಆಮೇಲೆ ಎಂಬುದನ್ನು ಇಂಜಿನಿಯರ್ ಸಾಹೇಬರು ತೋರಿಸಿಕೊಟ್ಟಿದ್ದರು. ಅವರು ಜಮಖಂಡಿಯವರು. ಹಳೇ ಮನೆತನ, ಮನೆಯಲ್ಲಿ ಮರಾಠಿ, ನಮ್ಮ ಜೊತೆ ನಮ್ಮಂಥದೇ ಕನ್ನಡ. ಅವರು ನನ್ನನ್ನು 'ಡಾಕ್ಟರ್' ಎಂದು ಕರೆದರು, ಅದನ್ನು ಕೇಳಿ ಗುಮಾಸ್ತರೂ ಹಾಗೇ ಕರೆದರು. ಚೇಷ್ಟೆಗೆ ಕರೆಯುತ್ತಾರೆ ಎಂದು ಗೊತ್ತಿತ್ತು. ಆದರೂ ಹಿಗ್ಗುತ್ತಿದ್ದೆ.

ನಮ್ಮ ಧಣಿಗಳಿಗೆ ಬನಹಟ್ಟಿಯಲ್ಲಿ ಒಂದು ನೂಲಿನ ಗಿರಣಿಯೂ ಇತ್ತು. ನಮ್ಮ ಕಾರ್ಖಾನೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ತಾಸಿನ ಮೇಲೆ ದಾರಿ. ಮಳೆಗಾಲದಲ್ಲಿ ಆಲಮಟ್ಟಿಯ ಹಿನ್ನೀರು ಏರಿದಾಗ ನನ್ನ ಖೋಲಿಯ ಗೋಡೆ ಮೊಣಕಾಲಿನವರೆಗೆ ಹಸಿಯಾಗುತ್ತಿತ್ತು. ಒಂದು ವರ್ಷ ಎರಡು ಬ್ಯಾಟರಿ ಕೆಟ್ಟವು. ಆಗ ಧಣಿಗಳು ಹೇಳಿದರು, ಎಲ್ಲವನ್ನೂ ಬನಹಟ್ಟಿಗೆ ಒಯ್ಯಿರಿ ಎಂದು. ಅಲ್ಲಿ ಹೊಸ ಖೋಲಿ ಕಟ್ಟಿಸಿದರು. ಅದನ್ನು ನೋಡಿಕೊಳ್ಳಲು ನನಗಿಂತ ಒಂದು ವರ್ಷ ದೊಡ್ಡವನಾದ ಒಬ್ಬ ನೇಕಾರರ ಹುಡುಗನನ್ನು ಇಟ್ಟರು.

ನೋಡಿ ಬಾ ಎಂದು ನನ್ನನ್ನು ಒಮ್ಮೆ ಕಳಿಸಿದರು. ಹೋಗಬಾರದಿತ್ತು. ಗಾಜಿನ ಬಾಗಿಲು, ನೆಲಕ್ಕೆ ಬಿಳಿ ಫರಸಿ, ಕೂಡಲು ಗಾಲಿ ಇರುವ ಕುರ್ಚಿ. ನನ್ನ ಖೋಲಿಯಲ್ಲಿ ಇದ್ದದ್ದು ಒಂದು ಕಾಲು ಸೀಳಿದ ಪ್ಲಾಸ್ಟಿಕ್ ಸ್ಟೂಲು. ಅವನು ಹತ್ತನೇ ಪಾಸಾಗಿದ್ದ. ಇಂಗ್ಲಿಷ್ ಅಕ್ಷರವನ್ನು ಬೆರಳಿಟ್ಟು ಓದುತ್ತಿದ್ದ, ಆದರೂ ಓದುತ್ತಿದ್ದ. ನನ್ನನ್ನು ಕಂಡೊಡನೆ ಆ ಕುರ್ಚಿಯನ್ನು ನನಗೆ ಕೊಟ್ಟು ತಾನು ನಿಂತ. ಅದೂ ನನಗೆ ಸರಿ ಬರಲಿಲ್ಲ.

"ಕೂಡ ದೋಸ್ತ. ಇದು ನಿಂದss ಖೋಲಿ ಅಂತ ತಿಳಕೋ," ಎಂದ.

ನನ್ನದಾಗಿದ್ದರೆ ಕೀಲಿ ನಿನ್ನ ಕೈಯಲ್ಲಿ ಯಾಕಿದೆ ಎಂದು ಕೇಳಬೇಕೆನಿಸಿತು. ಚಹಾ ಕುಡಿದು ಬಂದೆ.

ಮಶೀನು ಒಯ್ಯುವ ದಿನ ಗೊತ್ತಾಯಿತು. ನಾನು ಎರಡು ದಿನ ಮೊದಲೇ ತಯಾರಿ ಮಾಡಿದೆ. ಟೆಂಪೋ ಹೇಳಿದೆ. ಹೊಡೆತ ಬೀಳಬಾರದೆಂದು ಮನೆಯಿಂದ ನಾಲ್ಕು ಕೌದಿ ತಂದೆ, ಅವ್ವ ಹೊಲಿದ ದಪ್ಪ ಕೌದಿಗಳು. ನೂಲಿನ ಹಗ್ಗ ತಂದೆ. ಲೋಕಾಪುರದ ದಾರಿ ಸುತ್ತಾದರೂ ತಗ್ಗು ಕಡಿಮೆ, ಆ ದಾರಿಯಿಂದಲೇ ನಡೆ ಎಂದು ಡ್ರೈವರನಿಗೆ ಹೇಳಿದೆ. ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನೇ ಹಿಂದೆ ಕೂಡುವವನಿದ್ದೆ. ಅಷ್ಟು ಮಾಡಿದರೆ ಅಲ್ಲಿ ನನ್ನನ್ನೇ ಇಟ್ಟುಕೊಳ್ಳಬಹುದು ಎಂಬ ಆಸೆ. ಖರೆ ಹೇಳುತ್ತೇನೆ, ಅದೊಂದೇ ಆಸೆ.

ಒಯ್ಯುವ ದಿನ ಇಂಜಿನಿಯರ್ ಸಾಹೇಬರು ಊಟ ಮುಗಿಸಿ ಬಂದರು. ಬಾಗಿಲಲ್ಲಿ ಟೆಂಪೋ ನೋಡಿದರು. ಕೌದಿ ನೋಡಿದರು.

"ಏನಪಾ ಡಾಕ್ಟರ, ಯಾರರ ಮಕ್ಕೊಳ್ಳಾವ್ರದಾರೇನ ಇಲ್ಲೆ?"

"ಮಶೀನ ಒಯ್ಯಾಕರಿ ಸರ. ಹೊಡತ ಬೀಳಬಾರದಲ್ರಿ."

ಅವರು ಕೂತು ನಕ್ಕರು. ಗುಮಾಸ್ತರೂ ಎದ್ದು ಬಂದು ನಕ್ಕರು. ಟೆಂಪೋದವನು ಬಾಡಿಗೆ ಕೇಳದೆ ಹೋದ, ಅವನೂ ನಗುತ್ತಲೇ ಹೋದ.

ಆಮೇಲೆ ಸಾಹೇಬರು ನನ್ನನ್ನು ಹತ್ತಿರ ಕೂಡಿಸಿಕೊಂಡು ಹೇಳಿದರು. "ಈ ಡಬ್ಬಿ ಮಶೀನಲ್ಲೋ. ಇದು ಬರೇ ಮನಿ. ಇದರೊಳಗ ನಾಕ ಮಶೀನ ಅದಾವ, ಕಣ್ಣಿಗಿ ಕಾಣಂಗಿಲ್ಲ. ಕಾಟಾದ್ದೊಂದು, ಕಟಾವಿಂದೊಂದು, ಸ್ಟೋರಿಂದೊಂದು, ಯಾರನ್ನ ಒಳಗ ಬಿಡಬೇಕು ಅಂತ ನೋಡೋದೊಂದು. ಅವನ್ನಷ್ಟ ಬನಹಟ್ಟಿ ಡಬ್ಬಿಗಿ ಕಳಸ್ತೀನಿ. ತಂತಿಯಾಗ ಹೋಗ್ತಾವ. ಡಬ್ಬಿ ಇಲ್ಲೇ ಇರತೈತಿ."

"ಮಶೀನ ಬಂದ್ ಮಾಡಿ ಕಳಸ್ತೀರಿ?"

"ಇಲ್ಲ. ನಡಕೋಂತನ ಹೋಗ್ತಾವ. ಗುಮಾಸ್ತ ಇಲ್ಲೆ ಟೈಪ್ ಮಾಡಾಕತ್ತಿರತಾನ, ಅಂವಗ ಗೊತ್ತss ಆಗಂಗಿಲ್ಲ."

ನಾನು ನಂಬಲಿಲ್ಲ. ಅವರು ಪರದೆ ತೋರಿಸಿದರು. ಒಂದು ಹಸಿರು ಗೆರೆ ನಿಧಾನ ಬೆಳೆಯುತ್ತಿತ್ತು. ಮೊದಲ ಸಲ ಮಶೀನಿನ ನೆನಪಿನಲ್ಲಿ ಇದ್ದದ್ದೆಲ್ಲ ನಕಲಾಗಿ ಆ ಕಡೆ ಹೋಗುತ್ತದಂತೆ. ಅದಕ್ಕೆ ಬಹಳ ಹೊತ್ತು. ಅಷ್ಟರಲ್ಲಿ ಇಲ್ಲಿ ಕೆಲಸ ನಡೆದೇ ಇರುವುದರಿಂದ ಒಂದಿಷ್ಟು ಬದಲಾಗಿರುತ್ತದೆ. ಬದಲಾದಷ್ಟನ್ನು ಎರಡನೇ ಸಲ ಕಳಿಸುತ್ತದೆ. ಅಷ್ಟರಲ್ಲಿ ಮತ್ತೆ ತುಸು ಬದಲಾಗುತ್ತದೆ, ಅದನ್ನು ಮೂರನೇ ಸಲ. ಹೀಗೆ ಸಣ್ಣದಾಗುತ್ತ ಬಂದು, ಕೊನೆಗೆ ರೆಪ್ಪೆ ಹೊಡೆಯುವಷ್ಟು ಹೊತ್ತು ನಿಂತು, ಉಳಿದದ್ದನ್ನು ಕಳಿಸಿ, ಆ ಕಡೆ ಏಳುತ್ತದೆ.

ನಾನು ಆ ಗೆರೆಯನ್ನು ಇನ್ನೊಮ್ಮೆ ನೋಡಿದೆ. ಆಮೇಲೆ ಹೇಳಿದೆ, "ಸರ, ಇದು ನಮ್ಮ ಆಯಿ ಮನಿ ಬಿಟ್ಟಂಗ ಆತಲ್ರಿ."

ನಾವು ಅಜ್ಜಿಗೆ ಆಯಿ ಅನ್ನುತ್ತಿದ್ದೆವು. ನಾನು ಸಣ್ಣವನಿದ್ದಾಗ ನಮ್ಮ ಹಳ್ಳಿ ಹಿನ್ನೀರಿಗೆ ಹೋಯಿತು. ಪುನರ್ವಸತಿ ಕೇಂದ್ರದಲ್ಲಿ ಜಾಗ ಸಿಕ್ಕಿತ್ತು. ಅಪ್ಪ ಚಕ್ಕಡಿ ಹೂಡಿ ಮೊದಲ ದಿನ ಮನೆಯ ಸಾಮಾನೆಲ್ಲ ತುಂಬಿಕೊಂಡು ಹೋದ. ಆದರೆ ಆಯಿ ಏಳಲಿಲ್ಲ. ನೀರು ಬರುವ ತನಕ ಇಲ್ಲೇ ಒಲೆ ಹೊತ್ತಿಸುತ್ತೇನೆ ಎಂದಳು. ಒಲೆ ಹೊತ್ತಿದ ಮೇಲೆ ಭಾಂಡೆ ಬೇಕು, ಹಿಟ್ಟು ಬೇಕು, ಹಾಸಿಗೆ ಬೇಕು. ಓಣಿಯಿಂದ ಒಂದೊಂದಾಗಿ ತಂದು ಸೇರಿಸಿದಳು. ವಾರದ ಮೇಲೆ ಅಪ್ಪ ಅದನ್ನೂ ಒಯ್ದ, ಅರ್ಧ ಚಕ್ಕಡಿ ಆಯಿತು. ಮತ್ತೆ ಸೇರಿತು, ಅದನ್ನು ಅಪ್ಪ ಬುಟ್ಟಿಯಲ್ಲಿ ತಲೆಯ ಮೇಲೆ ಒಯ್ದ. ಕಡೆಯ ದಿನ ಉಳಿದದ್ದು ಒಲೆಯ ಮೇಲಿನ ಬೇಳೆಯ ಗಡಿಗೆ, ಕೆಳಗೆ ಕೆಂಡ. ಆಯಿ ಕೆಂಡವನ್ನು ಒಂದು ಹೆಂಚಿನಲ್ಲಿ ತುಂಬಿಕೊಂಡು, ಗಡಿಗೆಯನ್ನು ಅವ್ವನ ತಲೆಗೆ ಹೊರಿಸಿ ನಡೆದಳು. ಹೊಸ ಒಲೆಗೆ ಅದೇ ಕೆಂಡ ಹಾಕಿದಳು. ಬೇಳೆ ಅಲ್ಲಿ ಅರ್ಧ ಬೆಂದದ್ದು ಇಲ್ಲಿ ಪೂರಾ ಬೆಂದಿತು. ನಾವು ಉಂಡೆವು.

ನಾನು ಇದನ್ನೆಲ್ಲ ಹೇಳಿ ಮುಗಿಸಿದಾಗ ಸಾಹೇಬರು ನನ್ನ ಮುಖ ನೋಡಿದರು. ಈ ಸಲ ನಗಲಿಲ್ಲ.

"ಬರೋಬರಿ. ಇದನ್ನ ತಿಳಕೊಳ್ಳಾಕ ನನಗ ಎರಡ ವರ್ಷ ಹಿಡದಿತ್ತಲೇ. ನಿನಗ ನಿಮ್ಮ ಆಯಿ ಮದಲss ಕಲಿಸ್ಯಾಳ."

ಅಷ್ಟರಲ್ಲಿ ಕಾಟಾದ ಮಶೀನು ಹೋಯಿತು. ಗುಮಾಸ್ತ ರೈತರ ಹೆಸರು ಬರೆಯುತ್ತಿದ್ದವನು ಬರೆಯುತ್ತಲೇ ಇದ್ದ. ಸಾಹೇಬರು ಫೋನಿನಲ್ಲಿ ಬನಹಟ್ಟಿಯವನನ್ನು ಕೇಳಿದರು. "ಬಂತು ನೋಡ್ರಿ ಸರ," ಎಂಬ ಅವನ ದನಿ ನನಗೂ ಕೇಳಿಸಿತು. ಸಂಜೆಯೊಳಗೆ ನಾಲ್ಕೂ ಹೋದವು. ನನ್ನ ಡಬ್ಬಿಯ ಫ್ಯಾನು ತಿರುಗುತ್ತಲೇ ಇತ್ತು, ದೀಪ ಮಿನುಗುತ್ತಲೇ ಇತ್ತು. ಒಳಗೆ ಯಾರೂ ಇರಲಿಲ್ಲ. ಕಾಯುವುದಾದರೂ ಏನನ್ನು? ಕೌದಿಗಳನ್ನು ಮಡಚಿ ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಹೋದೆ.

ಕಾರ್ಖಾನೆಯ ಮ್ಯಾನೇಜರ್ ಒಂದು ವಾರದ ಮೇಲೆ ಬನಹಟ್ಟಿಗೆ ಹೋಗಿ ಬಂದರು. ಬಂದವರೇ ಎಲ್ಲರ ಮುಂದೆ ಹೇಳಿದರು. "ಆ ಹುಡುಗ ಭಾಳ ಶ್ಯಾಣ್ಯಾ ಅದಾನ. ಈ ಮಶೀನ ಹೆಂಗ ಬಂದೂ ಅಂತ ಕೇಳಿದ್ರ, ಮುದುಕಿ ಒಬ್ಬಾಕಿ ಮುಳುಗಡಿ ಮನಿಯಿಂದ ಕೆಂಡ ಹೊತಗೊಂಡು ಹ್ವಾದ ಕತಿ ಹೇಳಿದ. ನನಗ ಒಂದ ಸಲಕ್ಕ ತಿಳೀತು."

ಸಾಹೇಬರು ಅವನಿಗೆ ಹೇಳಿದ್ದರು, ಅವನು ಮ್ಯಾನೇಜರಿಗೆ ಹೇಳಿದ್ದ. ಖೋಲಿ ಒಯ್ದ, ಮಶೀನು ಒಯ್ದ, ನನ್ನ ಆಯಿಯನ್ನೂ ಒಯ್ದ. ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ ನನ್ನ ಖೋಲಿಯನ್ನು ಸ್ಟೋರು ಮಾಡುತ್ತಾರೆಂದು ಅದೇ ದಿನ ಗೊತ್ತಾಗಿತ್ತು. ಅಲ್ಲಿ ಏನಾದರೂ ಕೆಟ್ಟರೆ ಮಾತ್ರ ಮಶೀನುಗಳು ಹಿಂದಕ್ಕೆ ಬರುತ್ತವೆ. ಕೆಡಲಿ ಎಂದು ದಿನಾ ಬಯಸಿದೆ.

ಸಾಹೇಬರು ನನಗೆ ಒಂದು ಕೆಲಸ ಹೇಳಿದ್ದರು. "ನಿನಗ ತಿಳದದ್ದೆಲ್ಲ ಅಂವಗ ಹೇಳಿಕೊಡು. ಏನ ಮಾಡಬೇಕು, ಏನ ಮಾಡಬಾರದು, ಎಲ್ಲಾ." ಫೋನಿನಲ್ಲಿ ಹೇಳಿಕೊಟ್ಟೆ. ಏಸಿ ಎಷ್ಟರ ಮೇಲೆ ಇಡಬೇಕು, ಜನರೇಟರ್ ಎಷ್ಟು ಹೊತ್ತಿಗೆ ಹಚ್ಚಬೇಕು, ಇಲಿಗೆ ಏನು ಇಡಬೇಕು. ಒಂದನ್ನು ಹೇಳಲಿಲ್ಲ. ಅದು ಖಂಡೆಪೂಜೆಯ ಮಾತು.

ಮಹಾನವಮಿಗೆ ನಮ್ಮ ಕಡೆ ದುಡಿಯುವ ಸಾಮಾನನ್ನೆಲ್ಲ ತೊಳೆದು ಪೂಜೆ ಮಾಡುತ್ತಾರೆ. ಪೂಜೆ ಆದಮೇಲೆ ಅದನ್ನು ಮುಟ್ಟುವುದಿಲ್ಲ, ಮರುದಿನದವರೆಗೆ ಅದಕ್ಕೆ ವಿಶ್ರಾಂತಿ. ಬನಹಟ್ಟಿಯಲ್ಲಂತೂ ಆವತ್ತು ಇಡೀ ಊರಿನ ಮಗ್ಗ ನಿಲ್ಲುತ್ತವೆ. ನಾನು ಖೋಲಿಗೆ ಬಂದ ಮೊದಲ ವರ್ಷ ಸರ್ವರಿಗೆ ಹೂವು ಏರಿಸಿ, ಕಾಯಿ ಒಡೆದು, ಗುಂಡಿ ಒತ್ತಿ ಆರಿಸಿಬಿಟ್ಟಿದ್ದೆ. ದುಡಿದದ್ದಕ್ಕೆ ಒಂದು ದಿನ ಬಿಡುವು ಬೇಡವೇ ಎಂದು. ಆವತ್ತು ಹಂಗಾಮು ಸುರುವಾಗಿರಲಿಲ್ಲ, ಬರೀ ಬೈಸಿಕೊಂಡು ಉಳಿದೆ. ಪೂಜೆ ಮಾಡು, ಆದರೆ ಆರಿಸಬೇಡ ಎಂದು ಸಾಹೇಬರು ಹೇಳಿದ್ದರು.

ಮಶೀನು ಹೋದ ವರ್ಷ ಕಾರ್ಖಾನೆ ಹಬ್ಬಕ್ಕಿಂತ ಮೊದಲೇ ಸುರುವಾಗಿತ್ತು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಬನಹಟ್ಟಿಯವನು ಫೋನು ಮಾಡಿದ.

"ದೋಸ್ತ, ನಾಳಿ ಖಂಡೆಪೂಜಿ. ಈ ಸರ್ವರಿಗಿ ನೀ ಹೆಂಗ ಮಾಡ್ತಿದ್ದಿ?"

ನಾನು ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡೆ. ಆಮೇಲೆ ಹೇಳಿದೆ, "ನಿಮ್ಮ ಮಗ್ಗಕ್ಕ ಹೆಂಗ ಮಾಡ್ತೀರಿ, ಹಂಗss ಮಾಡು."

"ಅಷ್ಟss?"

"ಅಷ್ಟ."

ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ಕಾಟಾದ ಮುಂದಿನ ಪರದೆ ಬೆಳ್ಳಗಾಗಿ ನಿಂತಿತು. ಚೀಟಿ ನಿಂತಿತು. ಒಂದು ತಾಸಿನಲ್ಲಿ ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಹೋಯಿತು, ಅನಗವಾಡಿ ಕಡೆಗೆ ಬೆಳೆಯುತ್ತ ಹೋಯಿತು. ಬಿಸಿಲಿಗೆ ಕಡಿದ ಕಬ್ಬು ಒಣಗಿದರೆ ತೂಕ ಇಳಿಯುತ್ತದೆ. ರೈತರು ಗೇಟಿಗೆ ಬಂದು ನಿಂತರು. ಒಳಗೆ ಗಾಣಕ್ಕೆ ಹಾಕಲು ಕಬ್ಬಿಲ್ಲ. ಮ್ಯಾನೇಜರ್ ಬನಹಟ್ಟಿಯವನ ಮೊಬೈಲಿಗೆ ಹತ್ತು ಸಲ ಹಚ್ಚಿದರು, ಸ್ವಿಚ್ ಆಫ್. ಗಿರಣಿಗೆ ಹಬ್ಬದ ರಜೆ, ಫೋನು ಎತ್ತುವವರಿಲ್ಲ. ಇಂಜಿನಿಯರ್ ಸಾಹೇಬರು ಹಬ್ಬಕ್ಕೆ ಮಗಳ ಮನೆಗೆ ಪುಣೆಗೆ ಹೋಗಿದ್ದರು. ಅವರು ಫೋನಿನಲ್ಲಿ ಹೇಳಿದರು, "ಅಲ್ಲೆ ಪವರ್ ಹೋಗೇತಿ. ಯಾರರ ಹೋಗಿ ಹಚ್ಚಬೇಕು. ಡಾಕ್ಟರನ ಕಳಸ್ರಿ. ಅವಗ ಗುಂಡಿ ಗೊತ್ತದಾವ."

ಮ್ಯಾನೇಜರ್ ತಮ್ಮ ಮೋಟಾರ್ ಸೈಕಲ್ ಕೊಟ್ಟರು. ಗೇಟಿನ ಹೊರಗೆ ಟ್ರ್ಯಾಕ್ಟರಿನ ಮೇಲೆ ಕೂತ ಒಬ್ಬ ಮುದುಕ ಕೂಗಿದ, "ತಮ್ಮಾ, ಏನಾಗೇತಿ?"

"ಬನಹಟ್ಟಿಯೊಳಗ ಮಶೀನ ಬಂದ್ ಬಿದ್ದೈತಿ ಕಾಕಾ."

"ಬನಹಟ್ಟಿಗಿ ಯಾಕ ಒಯ್ದಿದ್ರಿ ಅದನ್ನ? ಇಲ್ಲೇ ಇದ್ದಾಗ ಛಲೋ ಇತ್ತಲ್ಲ."

ಈ ಮಾತು ಕೇಳಬೇಕೆಂದೇ ನಾನು ಕಾದಿದ್ದೆ. ಜಮಖಂಡಿಯ ತನಕ ಅದನ್ನೇ ಮೆಲುಕು ಹಾಕುತ್ತ ಹೋದೆ. ಇನ್ನು ಮಶೀನು ಹಿಂದಕ್ಕೆ ಬಂದವು ಎಂದೇ ಲೆಕ್ಕ. ಸ್ಟೂಲಿನ ಕಾಲು ರಿಪೇರಿ ಮಾಡಿಸಬೇಕು, ಗೋಡೆಗೆ ಬಣ್ಣ ಕೇಳಬೇಕು ಎಂದೂ ಗೊತ್ತು ಮಾಡಿಕೊಂಡೆ.

ಬನಹಟ್ಟಿಯ ಓಣಿಗಳಲ್ಲಿ ಒಂದು ಮಗ್ಗದ ಸಪ್ಪಳವೂ ಇರಲಿಲ್ಲ. ಅವನ ಮನೆ ಕೇಳಿ ಹುಡುಕಿದೆ. ಅವನು ಗಿರಣಿಯ ಕಡೆಗೆ ಯಾರದೋ ಮನೆಗೆ ಹೋಳಿಗೆ ಕೊಡಲು ಹೋಗಿದ್ದ. ಒಳಗೆ ಎರಡು ಮಗ್ಗ, ಎರಡಕ್ಕೂ ಚೆಂಡುಹೂವಿನ ಮಾಲೆ. ಅವುಗಳ ಮುಂದೆ ಮಣೆಯ ಮೇಲೆ ಕತ್ತರಿ, ಕುಡುಗೋಲು, ಸ್ಕ್ರೂ ಡ್ರೈವರ್, ಕುಂಕುಮ ಹಚ್ಚಿದ ಅವನ ಮೊಬೈಲು. ಅದೂ ಆರಿತ್ತು.

ಅವನ ಅವ್ವ ನನ್ನನ್ನು ಕೂಡಿಸಿ ತಾಟು ಇಟ್ಟಳು. ಎಲ್ಲಿಂದ ಬಂದೆ ಎಂದು ಕೇಳಿದಳು, ಹೇಳಿದೆ.

"ಹೌದೇನು? ನಿಮ್ಮ ಆಯಿನ ಏನಪಾ ಕೆಂಡ ಹೊತಗೊಂಡ ಹ್ವಾದಾಕಿ? ನಮ್ಮಾಂವ ಬಂದಾವ್ರಿಗೆಲ್ಲಾ ನಿಂದ ಹೇಳ್ತಾನ. ಬೀಳಗಿಯಾಗ ನನ್ನ ದೋಸ್ತ ಒಬ್ಬಾಂವ ಅದಾನ, ಓದಿದಾವ್ರಿಗಿ ತಿಳಿಯದ್ದು ಅವಗ ತಿಳೀತೈತಿ ಅಂತಾನ."

ನಾನು ಹೋಳಿಗೆಯನ್ನು ಮುರಿದು ಕೈಯಲ್ಲೇ ಹಿಡಿದುಕೊಂಡೆ. ಮ್ಯಾನೇಜರ್ ನನ್ನ ಹೆಸರನ್ನು ಬಿಟ್ಟು ಹೇಳಿದ್ದರು, ಅವನು ಬಿಟ್ಟಿರಲಿಲ್ಲ.

ಅವನು ಬಂದ. ವಿಷಯ ಕೇಳಿ ಮುಖ ಸಣ್ಣದು ಮಾಡಿಕೊಂಡ. ಕೀಲಿ ತೆಗೆದುಕೊಂಡು ನನ್ನ ಹಿಂದೆ ಗಾಡಿ ಏರಿದ. ಗಾಜಿನ ಬಾಗಿಲು ತೆಗೆದರೆ ಒಳಗೆ ಊದಿನಕಡ್ಡಿಯ ವಾಸನೆ. ಡಬ್ಬಿಗೆ ಸಣ್ಣ ಮಾಲೆ, ಕಪಾಟಿಗೆ ಬಿಳಿ ನೂಲಿನ ಎಳೆ ಸುತ್ತಿದ್ದ. ಮೇಲೆ ಒಂದು ಹಳೇ ಲಾಳಿ ಇಟ್ಟಿದ್ದ, ಮಗ್ಗದಲ್ಲಿ ಅತ್ತಿತ್ತ ಓಡಿ ನೂಲು ಹಾಯಿಸುವುದು.

"ನಮ್ಮಪ್ಪಂದು," ಎಂದ. "ಅಂವ ತೀರಿಕೊಂಡಿಂದ ಇದನ್ನ ಮನ್ಯಾಗಿಂದ ಹೊರಗ ತಂದಿದ್ದಿಲ್ಲ."

ನಾನು ಎಂದೂ ನನ್ನ ಡಬ್ಬಿಗೆ ಇಷ್ಟು ಮಾಡಿರಲಿಲ್ಲ. ಪೂಜೆಯಲ್ಲೂ ಅವನೇ ಮುಂದೆ.

ಗುಂಡಿ ಒತ್ತಲು ಅವನ ಕೈ ಏಳಲಿಲ್ಲ. ಪೂಜೆಗೆ ಇಟ್ಟದ್ದನ್ನು ನಾಳೆಯ ತನಕ ಮುಟ್ಟಬಾರದು. "ನೀನss ಹಚ್ಚು ದೋಸ್ತ, ನನ್ನ ಕೈಲೆ ಆಗಂಗಿಲ್ಲ," ಎಂದು ಗೋಡೆಯ ಕಡೆಗೆ ತಿರುಗಿ ನಿಂತ. ನಾನು ಲಾಳಿಯನ್ನು ಎತ್ತಿ ಅವನ ಕೈಗೆ ಕೊಟ್ಟು, ಬ್ಯಾಟರಿಯ ಸ್ವಿಚ್ಚು, ತಂತಿಯ ಪೆಟ್ಟಿಗೆ, ಡಬ್ಬಿ, ಹೀಗೆ ಒಂದೊಂದಾಗಿ ಹಚ್ಚಿದೆ. ಆಮೇಲೆ ನಾಲ್ಕು ಮಶೀನನ್ನು ಪಾಳಿಯ ಪ್ರಕಾರ ಎಬ್ಬಿಸಿದೆ. ಅವು ಎದ್ದವು. ಬೀಳಗಿಯಲ್ಲಿ ಚೀಟಿ ಬಂತೆಂದು ಮ್ಯಾನೇಜರ್ ನನ್ನ ಫೋನಿಗೇ ಮಾಡಿದರು. ಅವನಿಗೆ ಕೊಡು ಎಂದರು. ಕೊಟ್ಟೆ.

ಅವನು ಬೈಗಳನ್ನೆಲ್ಲ ಕೇಳಿದ. ಕೊನೆಗೆ ಹೇಳಿದ್ದು ಇಷ್ಟು, "ತಪ್ಪ ನಂದರಿ ಸರ. ಯಾರೂ ಆರಿಸು ಅಂತ ಹೇಳಿದ್ದಿಲ್ಲ. ನನಗss ತಿಳೀಲಿಲ್ಲ."

ಫೋನು ನನ್ನ ಕೈಗೆ ಬಂತು. ಮ್ಯಾನೇಜರ್ ದನಿ ಇಳಿದಿತ್ತು. "ಹುಡುಗ ಪ್ರಾಮಾಣಿಕ ಅದಾನ ಬಿಡು. ನೆಪ ಹೇಳಲಿಲ್ಲ. ಆದ್ರೂ ಮಶೀನ ಹೊಳ್ಳಿ ನಿನ್ನ ಖೋಲಿಗೆ ತರಸೋದ ಛಲೋ ಅನಸ್ತೈತಿ. ಏನಂತಿ?"

ನಾನು ಬಯಸಿದ್ದು ಅದೇ ತಾನೆ. ಹೂಂ ಅನ್ನಬೇಕಿತ್ತು. ಆದರೆ 'ಪ್ರಾಮಾಣಿಕ' ಎಂಬ ಮಾತು ಎದೆಗೆ ಚುಚ್ಚಿತು. ಅವನು ಕೆಟ್ಟರೂ ಒಳ್ಳೆಯವನಾಗಿ ಕೆಡುತ್ತಿದ್ದಾನೆ. ನಾನು ಮಾಡಿದ ತಪ್ಪನ್ನು ಹೊತ್ತು ನನಗಿಂತ ಮೇಲೇರುತ್ತಿದ್ದಾನೆ. ಎಲ್ಲ ಅವನ ಪಾಲಿಗೆ ಹೋಗಿದೆ, ಈ ತಪ್ಪನ್ನಾದರೂ ಬಿಡಬಾರದು ಅನಿಸಿತು. ಇದನ್ನು ಯಾರೂ ದೊಡ್ಡ ಗುಣ ಎಂದು ತಿಳಿಯಬೇಕಾಗಿಲ್ಲ. ಹೊಟ್ಟೆಕಿಚ್ಚೇ ಬಾಯಿ ತೆರೆಸಿತು.

"ಸರ, ತಪ್ಪ ಅವಂದಲ್ರಿ. ನಿನ್ನಿ ಅಂವ ನನ್ನ ಕೇಳಿದ್ದ. ಆರಿಸಬಾರದು ಅಂತ ನನಗ ಗೊತ್ತಿತ್ತು. ಬೇಕಂತss ಹೇಳಲಿಲ್ಲ."

ಆ ಕಡೆ ಕಾಟಾದ ಮೇಲೆ ಟ್ರ್ಯಾಕ್ಟರ್ ಏರುವ ಸಪ್ಪಳ ಕೇಳಿತು. "ಬಾ ಇಲ್ಲೆ, ನೋಡೋಣಂತ," ಎಂದು ಇಟ್ಟರು.

ಬನಹಟ್ಟಿಯವನು ಲಾಳಿ ಹಿಡಿದು ನಿಂತಿದ್ದ. ಬಡಿಯುತ್ತಾನೆ ಎಂದುಕೊಂಡೆ. ಬಡಿದಿದ್ದರೆ ಹಗುರಾಗುತ್ತಿತ್ತು.

"ಯಾಕಲೇ?" ಎಂದ.

"ನಿನಗ ಕುರ್ಚಿ ಐತಿ," ಎಂದೆ. ಅಷ್ಟೇ ಬಾಯಿಗೆ ಬಂತು.

ಅವನು ಆ ಕುರ್ಚಿಯನ್ನು ನೋಡಿದ. ನನ್ನನ್ನು ನೋಡಿದ. "ಹುಚ್ಚ್ಯಾ," ಎಂದು ಹೊರಗೆ ನಡೆದ. ಮನೆಯ ತನಕ ಗಾಡಿಯ ಹಿಂದೆ ಲಾಳಿ ಹಿಡಿದು ಕೂತಿದ್ದ.

ಮಶೀನು ಬನಹಟ್ಟಿಯಲ್ಲೇ ಉಳಿದವು. ನನ್ನನ್ನು ತೆಗೆಯಲಿಲ್ಲ, ಸಾಹೇಬರು ಹೇಳಿ ಉಳಿಸಿದರು. ಆದರೆ ಡಾಕ್ಟರ್ ಎಂದು ಮತ್ತೆ ಕರೆಯಲಿಲ್ಲ. ಖೋಲಿಯ ಕೀಲಿ ಸ್ಟೋರಿನವನಿಗೆ ಹೋಯಿತು. ನನ್ನನ್ನು ಕಾಟಾದ ಮೇಲೆ ಹಾಕಿದರು. ಈಗ ದಿನಾ ಬಿಸಿಲಲ್ಲಿ ನಿಂತು ಗಾಡಿ ಸರಿಯಾಗಿ ನಿಲ್ಲಿಸುತ್ತೇನೆ, ಚೀಟಿ ಹರಿದು ಕೊಡುತ್ತೇನೆ. ಪ್ರತಿಯೊಂದು ಚೀಟಿ ಬನಹಟ್ಟಿಗೆ ಹೋಗಿ ಬರುತ್ತದೆ. ತಡವಾದರೆ ರೈತರು ನನ್ನ ಮೇಲೆ ಹಾಯುತ್ತಾರೆ, ನಾನು ಅವನಿಗೆ ಫೋನು ಹಚ್ಚುತ್ತೇನೆ.

"ಏನ್ಲೇ, ಮಕ್ಕೊಂಡಿಯೇನು?"

"ನಿನ್ನ ಕೌದಿ ಕಳಸು, ಮಕ್ಕೊಳ್ತೀನಿ," ಅನ್ನುತ್ತಾನೆ.

ಪ್ರತಿ ವರ್ಷ ಖಂಡೆಪೂಜೆಯ ಹಿಂದಿನ ದಿನ ಅವನ ಫೋನು ಬರುತ್ತದೆ. ಆರಿಸಲೋ ಬೇಡವೋ ಎಂದು ಕೇಳುತ್ತಾನೆ. ಅವನಿಗೆ ಗೊತ್ತಿದೆ, ಆದರೂ ಕೇಳುತ್ತಾನೆ. ಆರಿಸಬೇಡ ಎಂದು ನಾನು ಬಾಯಿಬಿಟ್ಟು ಹೇಳುವ ತನಕ ಫೋನು ಇಡುವುದಿಲ್ಲ. ಹೇಳುತ್ತೇನೆ. ಆಮೇಲೆ ಅವನು ಆ ಗಾಲಿ ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತ ಸಪ್ಪಳ ಫೋನಿನಲ್ಲಿ ಕೇಳುತ್ತದೆ. ಅದನ್ನು ಸಹಿಸಲು ಇವತ್ತಿಗೂ ನನ್ನಿಂದ ಆಗುವುದಿಲ್ಲ.